ಧನರಾಜನ ದೋಣಿ ಉಪ್ಪಿಗೆ ಇಳಿದದ್ದು

ಶಿರಿಯ ಹೊಳೆ ಕಡಲು ಸೇರುವಲ್ಲಿ ಒಂದು ಮರಳಿನ ಪಟ್ಟಿ ಉಂಟು. ಅದರ ಒಂದು ಮಗ್ಗುಲಿಗೆ ಹೊಳೆ, ಇನ್ನೊಂದು ಮಗ್ಗುಲಿಗೆ ಕಡಲು. ಹೊನ್ನಯ್ಯನವರ ಮನೆ ಇರುವುದು ಆ ಪಟ್ಟಿಯ ಮೇಲೆ. ಕಡಲು ಅಷ್ಟು ಹತ್ತಿರವಿದ್ದರೂ ನಾಲ್ಕು ವರ್ಷಗಳಿಂದ ಅವರು ಅದನ್ನು ಕಣ್ಣಿನಿಂದ ಕಂಡಿರಲಿಲ್ಲ. ದುರಸ್ತಿಗೆಂದು ದಡಕ್ಕೆಳೆದ ದೋಣಿಯ ಮೇಲಿಂದ ಬಿದ್ದು ಅವರ ಬೆನ್ನುಮೂಳೆ ಮುರಿದಿತ್ತು, ಸೊಂಟದಿಂದ ಕೆಳಗೆ ಸ್ವಾಧೀನ ತಪ್ಪಿತ್ತು. ಮನೆಯ ಮುಂದೆ ಕಡಲ್ಕೊರೆತ ತಡೆಯಲು ಒಟ್ಟಿದ ಕರಿಕಲ್ಲಿನ ಗೋಡೆ ಆಳಿಗಿಂತ ಎತ್ತರ. ಮಲಗಿದಲ್ಲಿಂದ ಅವರಿಗೆ ಅಲೆಯ ಸದ್ದು ಕೇಳುತ್ತಿತ್ತು. ಸದ್ದಿನಿಂದಲೇ ನೀರು ಏರುತ್ತಿದೆಯೋ ಇಳಿಯುತ್ತಿದೆಯೋ ಎಂದು ಹೇಳುತ್ತಿದ್ದರು. ಕಿಟಕಿಯಲ್ಲಿ ಕಾಣುತ್ತಿದ್ದದ್ದು ಮಾತ್ರ ಕಲ್ಲು.

ಅವರನ್ನು ನೋಡಿಕೊಳ್ಳುತ್ತಿದ್ದವಳು ಸೊಸೆ ರಾಜೀವಿ. ಗಂಡ ಜಿತೇಂದ್ರ ಮಂಗಳೂರಿನ ಟ್ರಾಲರಿನಲ್ಲಿ ಕೆಲಸಕ್ಕಿದ್ದ. ಹೊರಟರೆ ಹತ್ತು ಹನ್ನೆರಡು ದಿನ ಕಡಲಲ್ಲೇ. ರಾಜೀವಿ ಜಗಲಿಯಲ್ಲಿ ಹೊಲಿಗೆ ಮೆಶೀನು ಇಟ್ಟುಕೊಂಡು ರವಿಕೆ ಹೊಲಿಯುತ್ತ, ನಡುನಡುವೆ ಎದ್ದು ಮಾವನನ್ನು ಮಗ್ಗುಲು ಬದಲಿಸಿ ಮಲಗಿಸುತ್ತ ದಿನ ಕಳೆಯುತ್ತಿದ್ದಳು. ಮೆಶೀನಿನ ಸದ್ದು ನಿಂತ ಕೂಡಲೇ ಒಳಗಿನಿಂದ ಮಾವನ ಮಾತು ಶುರುವಾಗುತ್ತಿತ್ತು. ಆ ಮಾತು ಯಾವುದರಿಂದ ಶುರುವಾದರೂ ಕೊನೆಗೆ ಬಂದು ನಿಲ್ಲುತ್ತಿದ್ದದ್ದು ಒಂದೇ ಕಡೆ: ಒಮ್ಮೆ ಹೊರಗೆ ಹೋಗಿ ಬರಬೇಕು. ಹೊರಗೆ ಎಂದರೆ ಅಂಗಳವಲ್ಲ, ಪೇಟೆಯೂ ಅಲ್ಲ. ಕಡಲು.

ಒಮ್ಮೆ ಜಿತೇಂದ್ರನೂ ಅವನ ಗೆಳೆಯರೂ ಅವರನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ಕಲ್ಲುಗೋಡೆ ದಾಟಿಸಲು ನೋಡಿದ್ದರು. ಒಬ್ಬನ ಕಾಲು ಜಾರಿ ಕುರ್ಚಿ ವಾಲಿತು. ಹೊನ್ನಯ್ಯನವರ ಸೊಂಟ ಕಲ್ಲಿಗೆ ಉಜ್ಜಿ ಆದ ಗಾಯ ಮಾಯಲು ಒಂದು ಮಳೆಗಾಲವೇ ಹಿಡಿಯಿತು. ಆ ಗಾಯವನ್ನು ದಿನಾ ತೊಳೆದು ಕಟ್ಟಿದವಳು ರಾಜೀವಿ. ಅಂದಿನಿಂದ ಜಿತೇಂದ್ರ ಆ ಮಾತು ಎತ್ತಲು ಬಿಡುತ್ತಿರಲಿಲ್ಲ. ಅವನು ಬಿಡದಿದ್ದರೇನು, ಅವನು ಮನೆಯಲ್ಲಿ ಇರುವುದೇ ಅಪರೂಪ. ಕೇಳುತ್ತ ಕೂರಬೇಕಾದವಳು ಇವಳು.

ಉಪಾಯ ಹೊಳೆದದ್ದು ಅವಳಿಗೇ. ಮಳೆ ಕಡಿಮೆಯಾದ ಮೇಲೆ ಒಂದು ಮಧ್ಯಾಹ್ನ ಅವಳ ತಮ್ಮ ಧನರಾಜ ತನ್ನ ದೋಣಿಯನ್ನು ಮನೆಯ ಹಿಂದಿನ ಹೊಳೆಕಟ್ಟೆಗೆ ಕಟ್ಟಿ ಊಟಕ್ಕೆ ಬಂದಿದ್ದ. ಅಲ್ಯೂಮಿನಿಯಮ್ಮಿನ ಅಗಲ ದೋಣಿ, ತಳ ಚಪ್ಪಟೆ, ಮೂತಿ ತಗ್ಗು. ಮುಂಚೆ ಯಾವುದೋ ಅಣೆಕಟ್ಟಿನ ನೀರಿನಲ್ಲಿ ಪ್ರವಾಸಿಗಳನ್ನು ಸುತ್ತಿಸುತ್ತಿದ್ದದ್ದು. ಅಲ್ಲಿಯ ಯೋಜನೆ ಮುಚ್ಚಿದಾಗ ಇವನು ಕೊಂಡು ತಂದು, ಮೇಲಿನ ಹೊಳೆಯಲ್ಲಿ ಗಾಳ ಹಾಕುವವರನ್ನೂ ಫೋಟೋ ತೆಗೆಯುವವರನ್ನೂ ಕೂರಿಸಿಕೊಂಡು ಹೋಗುತ್ತಿದ್ದ. ಪಾತ್ರೆ ತೊಳೆಯಲು ಹೋದ ರಾಜೀವಿ ಆ ದೋಣಿಯ ಮೂತಿ ಕಟ್ಟೆಗೆ ಸಮಕ್ಕೆ ಬಂದು ನಿಂತದ್ದನ್ನು ನೋಡಿದಳು. ಇದಕ್ಕೆ ಕುರ್ಚಿಯನ್ನು ಎತ್ತಬೇಕಾಗಿಯೇ ಇಲ್ಲ, ನೂಕಿದರೆ ಸಾಕು. ಹೊಳೆಯಲ್ಲಿ ಇಳಿದು ಅದರ ಬಾಯಿಯಾದ ಅಳಿವೆ ದಾಟಿದರೆ ಕಡಲು. ಅರ್ಧ ಗಂಟೆ ಸುತ್ತಿ ಬಂದರೆ ಮಾವನ ಬಾಯಿ ಮುಚ್ಚೀತು.

ಧನರಾಜ ಕೇಳಿದ ಕೂಡಲೇ ಒಪ್ಪಿದ. ಒಪ್ಪಿ, ಕೈ ತೊಳೆದು ಬಂದು, ಸ್ವಲ್ಪ ತಯಾರಿ ಉಂಟು ಅಕ್ಕ ಎಂದ.

ಆ ಸ್ವಲ್ಪ ತಯಾರಿ ದೀಪಾವಳಿಗೆ ಮುಂಚೆ ಶುರುವಾಯಿತು.

ಧನರಾಜ ಗಲ್ಫಿನಲ್ಲಿ ಹನ್ನೊಂದು ವರ್ಷ ಶ್ರೀಮಂತರ ದೋಣಿಗಳನ್ನು ನಿಲ್ಲಿಸುವ ಕಡೆ ಕೆಲಸಕ್ಕಿದ್ದವ. ತೊಳೆಯುವುದು, ಉಜ್ಜುವುದು, ತುಕ್ಕು ತೆಗೆಯುವುದು, ಮತ್ತೆ ತೊಳೆಯುವುದು. ಉಪ್ಪು ಲೋಹವನ್ನು ಹೇಗೆ ತಿನ್ನುತ್ತದೆ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಅವನ ದೋಣಿ ಈವರೆಗೆ ಉಪ್ಪು ಮುಟ್ಟಿರಲಿಲ್ಲ. ಬೇಸಿಗೆಯಲ್ಲಿ ಉಪ್ಪುನೀರು ಹೊಳೆಗೆ ಏರಿದಾಗ ಅವನು ದೋಣಿಯನ್ನು ಇನ್ನೂ ಮೇಲಕ್ಕೆ ಕೊಂಡುಹೋಗಿ ಕಟ್ಟುತ್ತಿದ್ದ. ಅಷ್ಟು ವರ್ಷ ದುಡಿದದ್ದರಲ್ಲಿ ಕೈಯಲ್ಲಿ ಉಳಿದದ್ದು ಈ ದೋಣಿ ಒಂದೇ ಎಂಬುದು ರಾಜೀವಿಗೂ ಗೊತ್ತಿತ್ತು. ಆದ್ದರಿಂದ ಮೊದಲ ವಾರ ಅವಳು ಏನೂ ಹೇಳಲಿಲ್ಲ.

ಮೊದಲು ಎಂಜಿನ್ನಿನ ಬುಡಕ್ಕೆ ಕೂರಿಸುವ ಸಣ್ಣ ಲೋಹದ ತುಂಡು. ಉಪ್ಪು ಬಂದು ಮೊದಲು ಆ ತುಂಡನ್ನು ತಿನ್ನುತ್ತದೆ, ಅಷ್ಟು ಹೊತ್ತು ಎಂಜಿನ್ ಉಳಿಯುತ್ತದೆ ಎಂದು ಅವನು ವಿವರಿಸಿದ. ದೋಣಿಯಲ್ಲಿ ಇದ್ದದ್ದು ಸಿಹಿನೀರಿನದ್ದು, ಕಡಲಿಗೆ ಆಗುವುದಿಲ್ಲ, ಸತುವಿನದ್ದೇ ಬೇಕು. ಮಂಗಳೂರಿನ ಬಂದರಿನಲ್ಲಿ ಹುಡುಕಿದರೆ ದೊಡ್ಡ ದೋಣಿಗಳದ್ದು ಮಾತ್ರ ಸಿಕ್ಕಿತು. ಕೊಚ್ಚಿಯಿಂದ ತರಿಸಿದ. ಬಂದದ್ದರ ತೂತು ಇವನ ಎಂಜಿನ್ನಿನ ತೂತಿಗೆ ಕೂಡಲಿಲ್ಲ. ವಾಪಸು ಕಳಿಸಿ ಇನ್ನೊಂದಕ್ಕೆ ಕಾದ. ಹೆದ್ದಾರಿ ಅಗಲ ಮಾಡುವ ಕೆಲಸದಿಂದ ದಾರಿ ದಿನಕ್ಕೊಂದು ಕಡೆ ತಿರುಗುತ್ತಿದ್ದ ಕಾಲ. ಕೊರಿಯರಿನವನು ಮನೆ ಸಿಗಲಿಲ್ಲ ಎಂದು ಎರಡು ಸಲ ಪೊಟ್ಟಣವನ್ನು ಕುಂಬಳೆ ಪೇಟೆಯಿಂದಲೇ ತಿರುಗಿಸಿದ.

ಅದು ಬರುವವರೆಗೆ ಧನರಾಜ ಬೋಲ್ಟುಗಳಿಗೆ ಕೈಹಾಕಿದ. ಅಲ್ಯೂಮಿನಿಯಮ್ಮಿನ ದೋಣಿಗೆ ಸ್ಟೀಲಿನ ಬೋಲ್ಟು ತಾಗಿರುವಲ್ಲಿ ಉಪ್ಪುನೀರು ಹೊಕ್ಕರೆ ತಗಡು ಕರಗುತ್ತದಂತೆ. ಒಂದೊಂದನ್ನೇ ಬಿಚ್ಚಿ, ನಡುವೆ ರಬ್ಬರಿನ ಬಳೆ ಕೂರಿಸಿ, ಅಂಟು ಬಳಿದು ಮತ್ತೆ ಬಿಗಿದ. ಆಮೇಲೆ ತಳದ ಗೀರುಗಳಿಗೆ ಬಣ್ಣ. ಬಣ್ಣ ಬಳಿದ ಸಂಜೆಯೇ ಗುಡುಗಿನ ಮಳೆ ಬಂತು. ಕೆರೆದು ತೆಗೆದು ಪುನಃ ಬಳಿದ. ಪುನಃ ಮಳೆ. ಮೂರನೇ ಸಲ ಅವನು ದೋಣಿಯ ಮೇಲೆ ಟಾರ್ಪಾಲು ಕಟ್ಟಿದ. ಅದನ್ನು ರಾತ್ರಿ ಗಾಳಿ ಹಾರಿಸಿಕೊಂಡು ಹೋಗಿ ನೆರೆಮನೆಯ ತೆಂಗಿಗೆ ಸುತ್ತಿತು.

ಇಷ್ಟೆಲ್ಲ ನಡೆಯುವಾಗ ದೋಣಿ ಇದ್ದದ್ದು ಮನೆಯ ಹಿತ್ತಿಲಲ್ಲಿ, ಬೋರಲು ಹಾಕಿ. ಹೊನ್ನಯ್ಯನವರು ತಮ್ಮ ಮಂಚವನ್ನು ಹಿಂದಿನ ಕಿಟಕಿಗೆ ಎಳೆಸಿಕೊಂಡರು. ಅಲ್ಲಿಂದ ನೋಡುತ್ತ, ಇದು ದೋಣಿಯೋ ಮದುವೆಮನೆಯ ಅನ್ನದ ಪಾತ್ರೆಯೋ ಎಂದು ಕೇಳುತ್ತಿದ್ದರು. ತಮ್ಮ ಕಾಲದಲ್ಲಿ ದೋಣಿಗೆ ಮೀನೆಣ್ಣೆ ಬಳಿದರೆ ಮುಗಿಯಿತು, ಮರಕ್ಕೆ ಉಪ್ಪು ಒಳ್ಳೆಯದೇ ಎನ್ನುತ್ತಿದ್ದರು. ಧನರಾಜ ತಲೆ ಎತ್ತದೆ ಕೆಲಸ ಮಾಡುತ್ತಿದ್ದ. ಆದರೆ ಆ ಮಾತುಗಳೆಲ್ಲ ಅವನೊಳಗೆ ಉಳಿದು, ಸಂಜೆ ಚಾ ಕುಡಿಯುವಾಗ ಅಕ್ಕನ ಮೇಲೆ ಬೀಳುತ್ತಿದ್ದವು. ಮಾವನಿಗೆ ತಮ್ಮನ ಪರವಾಗಿ, ತಮ್ಮನಿಗೆ ಮಾವನ ಪರವಾಗಿ ಸಮಾಧಾನ ಹೇಳಿ ಹೇಳಿ ರಾಜೀವಿಗೆ ಸಾಕಾಗಿತ್ತು. ಅವಳ ಮೆಶೀನಿನ ಪಕ್ಕ ಮದುವೆಯವರ ರವಿಕೆಗಳು ರಾಶಿ ಬಿದ್ದಿದ್ದವು.

ಮನೆಗೆ ಬಂದು ನೋಡಿಹೋಗುವ ಪಾಲಿಯೇಟಿವ್ ನರ್ಸ್ ಭವ್ಯಶ್ರೀ ಬೇಡ ಎಂದಾಳೆಂದು ರಾಜೀವಿ ಒಳಗೊಳಗೆ ಆಸೆಪಟ್ಟಿದ್ದಳು. ಆಕೆ ಬೇಡ ಎಂದರೆ ಎಲ್ಲವೂ ಅಲ್ಲಿಗೇ ಮುಗಿಯುತ್ತಿತ್ತು, ಯಾರ ತಪ್ಪೂ ಇರುತ್ತಿರಲಿಲ್ಲ. ಆದರೆ ಭವ್ಯಶ್ರೀ ಕೇಳಿ ಸಂತೋಷಪಟ್ಟಳು. ಕುರ್ಚಿಯ ಮೇಲೆ ಗಾಳಿ ತುಂಬುವ ದಿಂಬು ಇರಲಿ, ಸೊಂಟಕ್ಕೆ ಪಟ್ಟಿ ಇರಲಿ, ಮೂತ್ರದ ಚೀಲ ಹೊರಡುವ ಮುಂಚೆ ಖಾಲಿ ಮಾಡಿರಿ, ಬಿಸಿಲೇರುವ ಮೊದಲು ಬಂದುಬಿಡಿ ಎಂದು ಹೇಳಿ ಹೋದಳು. ರಾಜೀವಿಯ ಕೆಲಸಕ್ಕೆ ಇನ್ನೂ ನಾಲ್ಕು ಸೇರಿದವು.

ಕೊನೆಗೆ ಸತುವಿನ ತುಂಡೂ ಬಂತು, ಬಣ್ಣವೂ ಒಣಗಿತು. ಮೋಡವಿಲ್ಲದ ಒಂದು ಬೆಳಿಗ್ಗೆ ಗೊತ್ತು ಮಾಡಿದರು. ಅಳಿವೆಯ ನೀರು ಗೊತ್ತಿರುವ ಪ್ರವೀತ್, ಹೊನ್ನಯ್ಯನವರ ತಂಗಿಯ ಮಗ, ಜೊತೆಗೆ ಬರುತ್ತೇನೆಂದ. ರಾಜೀವಿ ಬೆಳಗಿನ ಜಾವಕ್ಕೇ ಎದ್ದು ಮಾವನನ್ನು ಒರೆಸಿ, ಒಗೆದ ಅಂಗಿ ತೊಡಿಸಿ, ಗಂಜಿ ಉಣ್ಣಿಸಿ ಕುರ್ಚಿಗೆ ಕೂರಿಸಿದಳು. ಹಿಂದಿನ ಕಟ್ಟೆಯಲ್ಲಿ ನೀರಿಗಿಳಿಸಿದ ದೋಣಿ ಹತ್ತಿ ಧನರಾಜ ಎಂಜಿನ್ನಿನ ಹಗ್ಗ ಎಳೆದ. ಎಂಜಿನ್ ಕೆಮ್ಮಲೂ ಇಲ್ಲ. ಉಪ್ಪು ಹೊಗದಿರಲೆಂದು ಅವನು ವೈರಿನ ತುದಿಗಳಿಗೆಲ್ಲ ಗ್ರೀಸು ಮೆತ್ತಿದ್ದ. ಮೆತ್ತುವಾಗ ಯಾವುದೋ ಒಂದು ಸಡಿಲಾಗಿತ್ತು. ಯಾವುದೆಂದು ಹುಡುಕಿ ತೆಗೆಯುವಷ್ಟರಲ್ಲಿ ಉಬ್ಬರ ಇಳಿದು ಅಳಿವೆಯ ಮರಳು ಮೇಲೆ ಬಂದಿತ್ತು. ಹೊನ್ನಯ್ಯನವರು ಆ ದಿನ ಮಧ್ಯಾಹ್ನ ಊಟ ಬೇಡ ಎಂದರು, ರಾತ್ರಿಯೂ ಬೇಡ ಎಂದರು. ಬಟ್ಟಲನ್ನು ಎರಡನೇ ಸಲ ಒಳಗೆ ಒಯ್ದಿಟ್ಟು ಬಂದ ರಾಜೀವಿ ಹಿಂದಿನ ಕಟ್ಟೆಗೆ ಹೋದಳು. ಧನರಾಜ ಮತ್ತೊಂದು ಬೋಲ್ಟು ಬಿಚ್ಚುತ್ತಿದ್ದ.

"ಈಗ ಅದನ್ನು ಎಂತಕ್ಕೆ ಬಿಚ್ಚುವುದು?" ಎಂದು ಅವಳು ಕೇಳಿದಳು.

"ಇದರ ಬಳೆ ಸರಿ ಕೂತಿಲ್ಲ ಅಕ್ಕ. ನಾಳೆ ಒಂದು ದಿನ ಬಿಡು."

"ಒಂದು ಗಂಟೆ ಉಪ್ಪುನೀರಿನಲ್ಲಿ ಇದ್ದರೆ ಕರಗಿ ಹೋಗ್ತದಾ? ಬೆಲ್ಲದಲ್ಲಿ ಮಾಡಿದ ದೋಣಿಯಾ ನಿಂದು?"

ಧನರಾಜ ಸ್ಪ್ಯಾನರು ಕೆಳಗಿಟ್ಟ. "ಉಪ್ಪು ಅದೇ ದಿನ ತಿನ್ನುವುದಿಲ್ಲ. ಹೊಕ್ಕು ಕೂತಿರ್ತದೆ. ನೀವೆಲ್ಲ ಮನೆಗೆ ಬಂದು ಊಟ ಮಾಡಿ ಮಲಗಿದ ಮೇಲೆ ತಿನ್ನಲಿಕ್ಕೆ ಶುರು ಮಾಡ್ತದೆ. ಅದನ್ನು ಆಮೇಲೆ ನೋಡಬೇಕಾದವ ನಾನು."

"ನಾಲ್ಕು ವರ್ಷದಿಂದ ಮಾವನನ್ನು ನೋಡ್ತಾ ಇರುವವಳು ನಾನು" ಎಂದಳು ರಾಜೀವಿ. "ನಿನಗೆ ಆಗುವುದಿಲ್ಲ ಅಂತ ಆದರೆ ಈಗಲೇ ಹೇಳು. ನಾನು ಹೋಗಿ ಅವರಿಗೆ ಹೇಳ್ತೇನೆ. ಮತ್ತೆ ಮತ್ತೆ ಅಂಗಿ ತೊಡಿಸಿ ಕೂರಿಸಲಿಕ್ಕೆ ನನ್ನಿಂದ ಆಗುವುದಿಲ್ಲ."

ತಮ್ಮ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ ಎಂಬುದೇ ಅವಳಿಗೆ ಹೆಚ್ಚು ಸಿಟ್ಟು ತರಿಸಿತ್ತು. ಧನರಾಜ ನಾಳೆ ಹೋಗುವ ಎಂದ. ಬೋಲ್ಟನ್ನು ಹಾಗೇ ತಿರುಗಿಸಿ ಬಿಗಿದ.

ಮರುದಿನ ಎಂಜಿನ್ ಒಂದೇ ಎಳೆತಕ್ಕೆ ಹಿಡಿಯಿತು. ಕುರ್ಚಿಯನ್ನು ಕಟ್ಟೆಯಿಂದ ನೂಕಿ ದೋಣಿಯ ನಡುವೆ ನಿಲ್ಲಿಸಿ ನಾಲ್ಕೂ ಗಾಲಿಗೆ ಹಗ್ಗ ಬಿಗಿದರು. ಎಲ್ಲರೂ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ಟು ತೊಟ್ಟರು. ಹೊನ್ನಯ್ಯನವರು ಮಾತ್ರ ನಲವತ್ತು ವರ್ಷ ತೊಡದೆ ಇದ್ದದ್ದನ್ನು ಈಗ ತೊಡುವುದಿಲ್ಲ ಎಂದು ಹಟ ಹಿಡಿದರು. ಹಾಗಾದರೆ ದೋಣಿ ಹೊರಡುವುದಿಲ್ಲ ಎಂದು ಧನರಾಜ ಎಂಜಿನ್ ನಿಲ್ಲಿಸಿದ. ರಾಜೀವಿ ಇಬ್ಬರನ್ನೂ ಕೇಳದೆ ಮಾವನ ಕೈ ಹಿಡಿದು ಒಂದೊಂದಾಗಿ ಜಾಕೆಟ್ಟಿನೊಳಗೆ ತೂರಿಸಿ ಗುಂಡಿ ಹಾಕಿದಳು.

ಹೊಳೆಯಲ್ಲಿ ಎಲ್ಲವೂ ಸಲೀಸಾಗಿತ್ತು. ಅಳಿವೆಯ ಹತ್ತಿರ ಬರುವಾಗ ಪ್ರವೀತ್ ಬಲಕ್ಕೆ ಹೋಗುವ ಎಂದ. ಹೊನ್ನಯ್ಯನವರು ಕೈ ಎತ್ತಿ ಎಡಕ್ಕೆ ತೋರಿಸಿದರು. ಆಳ ಇರುವುದು ಎಡಕ್ಕೆ, ನೀರಿನ ಬಣ್ಣ ಕಾಣುವುದಿಲ್ಲವೇ ಎಂದು ಗದರಿದರು. ಹಿರಿಯರ ಮಾತು ಮೀರಲಾರದೆ ಪ್ರವೀತ್ ಸುಮ್ಮನಾದ. ಧನರಾಜ ಎಡಕ್ಕೆ ತಿರುಗಿಸಿದ. ನಾಲ್ಕು ಮಳೆಗಾಲಗಳಲ್ಲಿ ಅಳಿವೆ ಮಗ್ಗುಲು ಬದಲಿಸಿತ್ತು. ದೋಣಿಯ ತಳ ಕರ್ ಎಂದು ಮರಳಿಗೆ ಉಜ್ಜಿ ನಿಂತಿತು. ಮೂರು ಸಲ ಬಳಿದ ಬಣ್ಣ ಆ ಒಂದು ಸದ್ದಿನಲ್ಲಿ ಹೋಯಿತು. ಧನರಾಜ ಕಣ್ಣು ಮುಚ್ಚಿಕೊಂಡ. ಪ್ರವೀತ್ ಸೊಂಟದುದ್ದ ನೀರಿಗಿಳಿದು ನೂಕಿದ. ರಾಜೀವಿ ಹುಟ್ಟುಗೋಲನ್ನು ಮರಳಿಗೆ ಊರಿ ಒತ್ತು ಕೊಟ್ಟಳು. ದೋಣಿ ಹಿಂದೆ ಸರಿದು, ಬಲಗಡೆಯಿಂದ, ಎರಡು ಮೂರು ಅಲೆಗಳ ಮೇಲೆ ಧಡ್ ಧಡ್ ಎಂದು ಕುಕ್ಕಿ ಹೊರಗೆ ಬಂತು. ನೀರು ಚಿಮ್ಮಿ ಎಲ್ಲರೂ ಒದ್ದೆಯಾದರು.

ಆಮೇಲೆ ಒಮ್ಮೆಗೇ ಎಲ್ಲ ಸಮವಾಯಿತು.

ಮದುವೆಯಾಗಿ ಬಂದ ಮೇಲೆ ರಾಜೀವಿ ಇಷ್ಟು ವರ್ಷ ಕಡಲಿನ ಸದ್ದಿನಲ್ಲೇ ಮಲಗಿ ಎದ್ದಿದ್ದಳು. ಅವಳ ಊಟ, ಬಟ್ಟೆ, ಮನೆಯ ಹಂಚು ಎಲ್ಲ ಬಂದದ್ದು ಅಲ್ಲಿಂದ. ಆದರೆ ದಡದಿಂದ ಆಚೆಗೆ ಅವಳು ಈವರೆಗೆ ಹೋಗಿರಲಿಲ್ಲ. ಹೋಗಬೇಕೆಂದು ಯಾರೂ ಕೇಳಿರಲಿಲ್ಲ, ಅವಳೂ ಕೇಳಿಕೊಂಡಿರಲಿಲ್ಲ. ದಡದಲ್ಲಿ ನಿಂತರೆ ಕಡಲು ಯಾವಾಗಲೂ ಮೇಲೆ ಬೀಳಲು ಬರುವಂತೆ ಕಾಣುತ್ತಿತ್ತು. ಇಲ್ಲಿ ಅದು ಯಾರ ಮೇಲೂ ಬರುತ್ತಿರಲಿಲ್ಲ. ದೋಣಿಯನ್ನು ನಿಧಾನಕ್ಕೆ ಎತ್ತಿ, ನಿಧಾನಕ್ಕೆ ಇಳಿಸುತ್ತಿತ್ತು. ಅವಳು ಎರಡೂ ಕೈಯಲ್ಲಿ ಅಂಚು ಹಿಡಿದು ಕೂತಳು. ಹಿಡಿದದ್ದು ಭಯದಿಂದಲ್ಲ. ಹೊಲಿಗೆಯ ರಾಶಿ, ಬಿಸಿನೀರು, ಮಾತ್ರೆ ಯಾವುದೂ ಅವಳ ನೆನಪಿಗೆ ಬರಲಿಲ್ಲ.

ಹೊನ್ನಯ್ಯನವರು ಕಡಲನ್ನು ನೋಡಲಿಲ್ಲ. ಅವರು ಕುತ್ತಿಗೆ ತಿರುಗಿಸಿ ದಡವನ್ನೇ ನೋಡುತ್ತಿದ್ದರು. ಹಿಂದೆ ಅವರು ದಡದ ಗುರುತು ಹಿಡಿದೇ ಬಲೆ ಬಿಡುವ ಜಾಗ ಗೊತ್ತು ಮಾಡುತ್ತಿದ್ದವರು. ಒಂದು ಜೋಡಿ ತಾಳೆಮರ ಎಲ್ಲಿ ಎಂದು ಕೇಳಿದರು. ಅದು ಕೊರೆತದಲ್ಲಿ ಹೋಯಿತು ಎಂದು ಪ್ರವೀತ್ ಹೇಳಿದ. ಅದರ ಹಿಂದಿನ ಗುಡ್ಡದ ಬೋಳು ತಲೆ ಎಲ್ಲಿ ಎಂದರು. ಹೆದ್ದಾರಿಗೆ ಮಣ್ಣು ತೆಗೆದು ಗುಡ್ಡ ಅರ್ಧವಾಗಿದೆ ಎಂದು ಅವನು ಹೇಳಿದ. ನಮ್ಮ ಮನೆ ಯಾವುದು ಎಂದರು. ಪ್ರವೀತ್ ಬೆರಳು ಮಾಡಿದ ಕಡೆ ಒಂದೇ ಸಮನೆ ಕಪ್ಪು ಕಲ್ಲಿನ ಗೋಡೆ, ಅದರ ಮೇಲೆ ಒಂದೇ ಬಗೆಯ ತೆಂಗಿನ ತಲೆಗಳು. ಹೊನ್ನಯ್ಯನವರು ಕಣ್ಣು ಕಿರಿದು ಮಾಡಿ ಆ ಗೋಡೆಯುದ್ದಕ್ಕೂ ಹುಡುಕಿದರು. ಆಮೇಲೆ ಒಮ್ಮೆ ರಾಜೀವಿಯ ಕಡೆ ನೋಡಿದರು.

"ತಿರುಗಿಸು" ಎಂದರು. "ಗಾಳಿ ಎದ್ದೇಳ್ತದೆ."

ಗಾಳಿಯ ಸುಳಿವೇ ಇರಲಿಲ್ಲ. ನೀರು ಎಣ್ಣೆ ಹೊಯ್ದಂತೆ ಮಲಗಿತ್ತು. ಹೊರಗೆ ಬಂದು ಎಷ್ಟು ಹೊತ್ತಾಗಿತ್ತು, ಒಂದು ಚಾ ಕುಡಿಯುವಷ್ಟೂ ಆಗಿರಲಿಲ್ಲ.

"ಸ್ವಲ್ಪ ಇರಲಿ ಮಾವ" ಎಂದಳು ರಾಜೀವಿ. "ಈಗಷ್ಟೇ ಬಂದದ್ದಲ್ವಾ."

"ತಿರುಗಿಸು ಅಂದೆ."

"ಧನು, ತಿರುಗಿಸಬೇಡ."

ಧನರಾಜ ಅಕ್ಕನ ಮುಖ ನೋಡಿದ, ಮುದುಕನ ಮುಖ ನೋಡಿದ. ದೋಣಿಯಲ್ಲಿ ಹಿರಿಯ ತಿರುಗಿಸು ಎಂದ ಮೇಲೆ ತಿರುಗಿಸಬೇಕು ಎಂದು ಪ್ರವೀತ್ ಮೆಲ್ಲಗೆ ಹೇಳಿದ. ಧನರಾಜನಿಗೂ ಅದೇ ಬೇಕಾಗಿತ್ತೋ ಏನೋ, ಅವನು ಮೂತಿಯನ್ನು ದಡಕ್ಕೆ ತಿರುಗಿಸಿದ. ರಾಜೀವಿ ಬೆನ್ನು ಹಾಕಿ ಕೂತು, ಅಳಿವೆ ದಾಟುವವರೆಗೂ ಹೊರಗಿನ ನೀರನ್ನೇ ನೋಡುತ್ತಿದ್ದಳು. ಅವಳ ಕಣ್ಣು ತುಂಬಿ ಬಂತು. ಇಷ್ಟು ದಿನ ಮಾವನಿಗಾಗಿ ಎಂದುಕೊಂಡೇ ಅವಳು ಎಲ್ಲರೊಡನೆ ಜಗಳವಾಡಿದ್ದಳು. ತನಗೆ ಬೇಕಾದದ್ದೊಂದು ಅಲ್ಲಿ ಇದೆ ಎಂದು ಗೊತ್ತಾಗುವ ಹೊತ್ತಿಗೆ ಅದನ್ನು ಕಿತ್ತುಕೊಂಡಾಗಿತ್ತು.

ಕಟ್ಟೆಗೆ ಬಂದ ಮೇಲೆ ಧನರಾಜ ಕುರ್ಚಿ ಇಳಿಸಿದ ಕೂಡಲೇ ದೋಣಿಯನ್ನು ಉಪ್ಪಿಲ್ಲದ ನೀರಿಗೆಂದು ಮೇಲಿನ ಹೊಳೆಗೆ ಕೊಂಡುಹೋದ. ಊಟಕ್ಕೂ ನಿಲ್ಲಲಿಲ್ಲ. ಇಡೀ ದಿನ ಗಾಳಿ ಏಳಲಿಲ್ಲ. ರಾಜೀವಿ ಮೆಶೀನಿನ ಮುಂದೆ ಕೂತು ಒಂದು ರವಿಕೆಯ ತೋಳನ್ನು ತಿರುಗುಮುರುಗಾಗಿ ಹೊಲಿದು, ಬಿಚ್ಚಿ, ಮತ್ತೆ ಹೊಲಿದಳು. ಮೆಶೀನು ನಿಂತಾಗಲೂ ಒಳಗಿನಿಂದ ಮಾತು ಬರಲಿಲ್ಲ. ಅದೂ ಅವಳಿಗೆ ಸಿಟ್ಟು ತರಿಸಿತು. ದಿನಾ ಆ ಮಾತು ಎತ್ತುವವರೇ ಎತ್ತದೆ ಇದ್ದರೆ ಬೈಯುವುದು ಯಾರನ್ನು?

ಸಂಜೆ ಮಗ್ಗುಲು ಬದಲಿಸಲು ಹೋದಾಗ ಹೊನ್ನಯ್ಯನವರು ಗೋಡೆಯ ಕಡೆ ಮುಖ ಮಾಡಿಕೊಂಡೇ ಕೇಳಿದರು:

"ನಿನಗೆ ವಾಂತಿ ಬಂತಾ?"

"ಇಲ್ಲ."

"ಮುಖ ಬಿಳಿ ಆಗಿತ್ತು ನಿಂದು. ಅಂಚು ಹಿಡಿದುಕೊಂಡು ಕೂತಿದ್ದಿ. ನಿನ್ನ ಅತ್ತೆಯನ್ನು ಒಮ್ಮೆ ಕೊಂಡುಹೋಗಿದ್ದೆ, ಮದುವೆಯಾದ ಹೊಸತಿನಲ್ಲಿ. ಅವಳೂ ಹಾಗೇ ಕೂತಿದ್ದಳು. ನಾನು ತಿರುಗಿಸಲಿಲ್ಲ. ಮತ್ತೆ ಯಾವತ್ತೂ ದೋಣಿ ಹತ್ತಲಿಲ್ಲ ಅವಳು."

ರಾಜೀವಿ ದಿಂಬು ಹಿಡಿದು ನಿಂತಳು. ತನ್ನ ಮುಖ ನೋಡಿಯೇ ಅವರು ತಿರುಗಿಸಲು ಹೇಳಿದರೇ? ಅಥವಾ ಗುರುತು ತಪ್ಪಿದ ಅವಮಾನವನ್ನು ಈಗ ತನ್ನ ತಲೆಗೆ ಕಟ್ಟುತ್ತಿದ್ದಾರೆಯೇ? ಅವರ ಬೆನ್ನು ನೋಡಿ ಹೇಳಲು ಸಾಧ್ಯವಿರಲಿಲ್ಲ. ಕೇಳಿದರೂ ಅವರು ಹೇಳುವವರಲ್ಲ.

"ಅತ್ತೆಗೆ ಆದದ್ದು ನನಗೆ ಆಗಲಿಲ್ಲ ಮಾವ" ಎಂದಳು. "ನನಗೆ ಇನ್ನೂ ಇರಬೇಕು ಅಂತ ಇತ್ತು."

ಅವರು ತಿರುಗಿ ನೋಡಲು ಪ್ರಯತ್ನಿಸಿದರು, ಆಗಲಿಲ್ಲ. ಅವಳೇ ಅವರನ್ನು ಇತ್ತ ಮಗ್ಗುಲಿಗೆ ಹೊರಳಿಸಿ, ಬೆನ್ನಿಗೆ ದಿಂಬು ಕೊಟ್ಟಳು. ಸ್ವಲ್ಪ ಹೊತ್ತು ಅವರು ಅವಳನ್ನು ಮೊದಲ ಸಲ ನೋಡುವವರಂತೆ ನೋಡಿದರು. ಹೇಳಬಹುದಿತ್ತಲ್ಲ ಎಂದು ಗೊಣಗಿದರು. ಹೇಳಿದೆನಲ್ಲ ಎಂದು ಅವಳೂ ಗೊಣಗಿದಳು.

ಅಡುಗೆಮನೆಗೆ ಬಂದು ಅನ್ನಕ್ಕೆ ನೀರಿಟ್ಟು ರಾಜೀವಿ ತಮ್ಮನಿಗೆ ಫೋನು ಮಾಡಿದಳು. ಅವನು ಎಂಜಿನ್ ತೊಳೆಯುತ್ತಿದ್ದ, ನೀರಿನ ಸದ್ದು ಕೇಳುತ್ತಿತ್ತು. ತಳದ ಬಣ್ಣ ಎಷ್ಟು ಹೋಗಿದೆ ಎಂದು ಅವನು ಒಂದೊಂದಾಗಿ ಹೇಳತೊಡಗಿದ. ಅವಳು ಎಲ್ಲವನ್ನೂ ಕೇಳಿಸಿಕೊಂಡಳು. ಕೊನೆಗೆ, ಪುನಃ ಬಳಿಯುವಾಗ ತಾನೂ ಬಂದು ಕೆರೆದು ಕೊಡುತ್ತೇನೆ, ಒಣಗಿದ ಮೇಲೆ ಇನ್ನೊಮ್ಮೆ ಹೋಗಲಿಕ್ಕುಂಟು ಎಂದಳು.

ಆ ಕಡೆ ನೀರಿನ ಸದ್ದು ನಿಂತಿತು. ಮುದುಕನನ್ನು ಪುನಃ ಕೂರಿಸುವುದಿಲ್ಲ ಎಂದು ಧನರಾಜ ಹೇಳಿದ.

"ಮಾವನಿಗಲ್ಲ" ಎಂದಳು ರಾಜೀವಿ.